ಗಡಿ ದಾಟಿದ ಸಂತ್ರಸ್ತರಿಗೆ ಔಷಧಿ ತಲುಪಿಸುವುದು ಹೇಗೆ: ಕಾಸರಗೋಡಿನ ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಎಲ್ಲೋ ದೂರದಲ್ಲಿ ಭೂಮಿ ನಡುಗುತ್ತದೆ ಅಥವಾ ನದಿ ಉಕ್ಕುತ್ತದೆ. ಬದುಕಿ ಉಳಿದವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಪಕ್ಕದ ದೇಶದ ಗಡಿ ದಾಟುತ್ತಾರೆ. ಎರಡು ದಿನದೊಳಗೆ ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಗ್ರಂಥಾಲಯಗಳ ಜಗಲಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ‘ಸಂತ್ರಸ್ತರಿಗೆ ಔಷಧಿ ನೀಡಿ’ ಎಂದು ಬರೆದಿರುತ್ತದೆ. ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆ ತುಂಬುತ್ತದೆ. ಮೂರು ತಿಂಗಳು ಕಳೆದರೂ ಅದು ಅದೇ ಜಗಲಿಯಲ್ಲಿ ಇರುತ್ತದೆ.

ನನ್ನದು ಔಷಧಿ ಅಂಗಡಿ. ಇಂತಹ ಪೆಟ್ಟಿಗೆಗಳನ್ನು ವಿಂಗಡಿಸಿ ಕೊಡಿ ಎಂದು ಸಂಘದ ಹುಡುಗರು ಹೊತ್ತು ತಂದಾಗಲೆಲ್ಲ ಕುಳಿತು ವಿಂಗಡಿಸಿದ್ದೇನೆ. ಪ್ರತಿ ಸಲವೂ ಕಳುಹಿಸಲು ಯೋಗ್ಯವಾಗಿ ಉಳಿದದ್ದು ಹಿಡಿಯಷ್ಟು. ತಪ್ಪು ಅವರ ಮನಸ್ಸಿನದ್ದಲ್ಲ, ಕೆಲಸದ ಕ್ರಮದ್ದು. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತೇವೆ, ಮೊದಲು ಕೇಳಬೇಕಾದ್ದನ್ನು ಕೇಳುವುದೇ ಇಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಪಾಲಿಸಿ. ಒಂದು ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ.

ಹಂತ 1: ಪೆಟ್ಟಿಗೆ ಇಡುವ ಮೊದಲು ಪಡೆಯುವವರನ್ನು ಹುಡುಕಿ

ಗಡಿ ದಾಟಿದ ಸಂತ್ರಸ್ತರಿಗೆ ಚಿಕಿತ್ಸೆ ಕೊಡುವುದು ಅವರ ಸ್ವಂತ ದೇಶದ ಆಸ್ಪತ್ರೆಯಲ್ಲ, ಆಶ್ರಯ ಕೊಟ್ಟ ದೇಶದ ಆಸ್ಪತ್ರೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಗಾಯಾಳುಗಳನ್ನು ಹೊತ್ತ ವಾಹನಗಳು ಗಡಿ ದಾಟಿ ಡೊಮಿನಿಕನ್ ಗಣರಾಜ್ಯದ ಹಿಮಾನಿ ಎಂಬ ಸಣ್ಣ ಪಟ್ಟಣಕ್ಕೆ ಬಂದವು. ರೋಗಿಗಳ ಮಾತು ಕ್ರಿಯೋಲ್, ಆಸ್ಪತ್ರೆಯ ಭಾಷೆ ಸ್ಪ್ಯಾನಿಷ್, ಕಾನೂನು ಡೊಮಿನಿಕನ್ ದೇಶದ್ದು. ಹೈಟಿಗೆಂದು ಸಿದ್ಧಪಡಿಸಿದ ಕಾಗದಪತ್ರ ಆ ಊರಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ‘ಎಲ್ಲಿ ದುರಂತವಾಯಿತು’ ಎನ್ನುವುದಕ್ಕಿಂತ ಮೊದಲು ‘ಜನ ಈಗ ಎಲ್ಲಿದ್ದಾರೆ, ಅಲ್ಲಿ ಅವರನ್ನು ನೋಡಿಕೊಳ್ಳುತ್ತಿರುವವರು ಯಾರು’ ಎಂದು ತಿಳಿದುಕೊಳ್ಳಿ.

ಪಡೆಯುವವರು ಎಂದರೆ ಒಂದು ಆಸ್ಪತ್ರೆ, ಸರ್ಕಾರದ ಆರೋಗ್ಯ ಇಲಾಖೆ, ರೆಡ್ ಕ್ರಾಸ್ ಅಥವಾ ರೆಡ್ ಕ್ರೆಸೆಂಟ್ ಶಾಖೆ, ಇಲ್ಲವೇ ಶಿಬಿರದಲ್ಲಿ ಕ್ಲಿನಿಕ್ ನಡೆಸುತ್ತಿರುವ ನೋಂದಾಯಿತ ಸಂಸ್ಥೆ. ‘ನನ್ನ ಭಾವನ ಗೆಳೆಯ ಅಲ್ಲೇ ಇದ್ದಾನೆ, ಅವನಿಗೆ ಕಳುಹಿಸಿದರೆ ಹಂಚುತ್ತಾನೆ’ ಎನ್ನುವುದು ಪಡೆಯುವವರಲ್ಲ. ಆ ಗೆಳೆಯ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಹೆಸರಿಗೆ ಬಂದ ಔಷಧಿಯ ಪೆಟ್ಟಿಗೆಯನ್ನು ಕಸ್ಟಮ್ಸ್ ಬಿಡುವುದಿಲ್ಲ.

ಪಡೆಯುವವರಿಂದ ಮೂರು ವಿಷಯ ಬರಹದಲ್ಲಿ ಬೇಕು. ಮೊದಲನೆಯದು ಬೇಕಾದ ಔಷಧಿಗಳ ಪಟ್ಟಿ. ‘ಜ್ವರದ ಮಾತ್ರೆ’ ಎಂದು ಬರೆದರೆ ಸಾಲದು. ‘ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ, 20,000’ ಎಂದಿರಬೇಕು. ಎರಡನೆಯದು ಪೆಟ್ಟಿಗೆಗಳನ್ನು ಸಹಿ ಹಾಕಿ ಬಿಡಿಸಿಕೊಳ್ಳುವವರ ಹೆಸರು, ಹುದ್ದೆ, ವಿಳಾಸ. ಮೂರನೆಯದು ಆ ದೇಶದ ಔಷಧ ನಿಯಂತ್ರಣ ಇಲಾಖೆಯ ಆಮದು ಒಪ್ಪಿಗೆ ಮತ್ತು ಸುಂಕ ವಿನಾಯಿತಿಯನ್ನು ತಾವೇ ಪಡೆಯುತ್ತೇವೆ ಎಂಬ ಒಪ್ಪಿಗೆ ಮಾತು. ಈ ಮೂರರಲ್ಲಿ ಒಂದು ಬಾರದಿದ್ದರೂ ಔಷಧಿ ಕಳುಹಿಸುವ ಯೋಚನೆ ಬಿಟ್ಟು, ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಗೆ ಹಣ ಕೊಡಿ. ಅದು ಸೋಲಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದೇ ಉತ್ತಮ ನೆರವು.

ಪಟ್ಟಿ ಏಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2017ರ ಆಗಸ್ಟ್ ಕೊನೆಯಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಮ್ಯಾನ್ಮಾರ್‌ನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದರು. ಅವರನ್ನು ಓಡಿಸಿದ್ದು ಹಿಂಸಾಚಾರ, ಪ್ರಕೃತಿ ವಿಕೋಪವಲ್ಲ. ಆದರೂ ಶಿಬಿರದ ವೈದ್ಯಕೀಯ ಸಮಸ್ಯೆಗಳು ಒಂದೇ ಬಗೆಯವು. ವರ್ಷದ ಕೊನೆಗೆ ಅಲ್ಲಿ ಗಂಟಲುಮಾರಿ (ಡಿಫ್ತೀರಿಯಾ) ಹರಡಿತು. ಆಗ ಬೇಕಾಗಿದ್ದದ್ದು ಅದರ ವಿಷ ಇಳಿಸುವ ಪ್ರತಿವಿಷ. ಅದು ಜಗತ್ತಿನಲ್ಲೇ ವಿರಳವಾಗಿ ತಯಾರಾಗುವ ಔಷಧಿ. ಯಾವ ಊರಿನ ಯಾವ ಪೆಟ್ಟಿಗೆಯಲ್ಲೂ ಅದು ಇರುವುದು ಸಾಧ್ಯವಿರಲಿಲ್ಲ. ರೋಗಿಯ ಹಾಸಿಗೆಯ ಪಕ್ಕ ನಿಂತವರಿಗೆ ಮಾತ್ರ ಏನು ಬೇಕೆಂದು ಗೊತ್ತಿರುತ್ತದೆ.

ಹಂತ 2: ಮಾತ್ರೆ ಸಂಗ್ರಹಿಸಬೇಡಿ, ಹಣ ಸಂಗ್ರಹಿಸಿ

ಮನೆಗಳಿಂದ ಬಂದ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದರೆ ಏನು ಕಾಣುತ್ತದೆ ಎಂದು ಹೇಳುತ್ತೇನೆ. ಹತ್ತರಲ್ಲಿ ನಾಲ್ಕು ಮಾತ್ರೆ ಉಳಿದಿರುವ ಸ್ಟ್ರಿಪ್‌ಗಳು. ಮಾತ್ರೆ ಕತ್ತರಿಸಿ ತೆಗೆಯುವಾಗ ಅವಧಿ ಮುಗಿಯುವ ದಿನಾಂಕವೂ ಕತ್ತರಿಸಿಹೋಗಿರುತ್ತದೆ. ಅರ್ಧ ಕುಡಿದ ಕೆಮ್ಮಿನ ಸಿರಪ್, ಅದರ ಮುಚ್ಚಳದ ಸುತ್ತ ಇರುವೆ. ತೀರಿಕೊಂಡ ಅಜ್ಜನ ಹೃದಯದ ಮಾತ್ರೆಗಳನ್ನು ಮಗಳು ಒಂದು ಕರವಸ್ತ್ರದಲ್ಲಿ ಕಟ್ಟಿ ಕೊಟ್ಟಿರುತ್ತಾಳೆ. ಆ ಗಂಟನ್ನು ಬಿಚ್ಚುವಾಗ ನನ್ನ ಕೈ ತಡೆಯುತ್ತದೆ, ಏಕೆಂದರೆ ಅದನ್ನು ಅವಳು ಕೊಟ್ಟದ್ದು ನಿಜವಾದ ಕನಿಕರದಿಂದ. ಆದರೆ ಅದನ್ನು ಕಳುಹಿಸಲು ಆಗುವುದಿಲ್ಲ.

ರೋಗಿಗೆ ಒಮ್ಮೆ ಕೊಟ್ಟು ಹಿಂದೆ ಬಂದ ಔಷಧಿಯನ್ನೂ ವೈದ್ಯರಿಗೆ ಬಂದ ಉಚಿತ ಮಾದರಿಗಳನ್ನೂ ದಾನವಾಗಿ ಕಳುಹಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ದಾನದ ಮಾರ್ಗಸೂಚಿ ಹೇಳುತ್ತದೆ. ಇದು 1996ರಲ್ಲಿ ಬಂದದ್ದು, 1999 ಮತ್ತು 2010ರಲ್ಲಿ ಪರಿಷ್ಕೃತವಾಯಿತು. ಮಾರ್ಗಸೂಚಿ ಹುಟ್ಟಿದ್ದೇ ಕಹಿ ಅನುಭವದಿಂದ. 1988ರ ಅರ್ಮೇನಿಯಾ ಭೂಕಂಪದ ನಂತರ ಬಂದ ಸುಮಾರು 5,000 ಟನ್ ಔಷಧಿಯನ್ನು ವಿಂಗಡಿಸಲು 50 ಜನರಿಗೆ ಆರು ತಿಂಗಳು ಹಿಡಿಯಿತು. ಬೋಸ್ನಿಯಾಕ್ಕೆ 1992ರಿಂದ 1996ರ ನಡುವೆ ಬಂದ ನೆರವಿನಲ್ಲಿ ಸುಮಾರು 17,000 ಟನ್ ನಿರುಪಯುಕ್ತ ಎಂದು ಅಂದಾಜಾಯಿತು. ಅದನ್ನು ಸುರಕ್ಷಿತವಾಗಿ ನಾಶಪಡಿಸುವ ಖರ್ಚು ಸಂತ್ರಸ್ತರ ಕಡೆಯವರ ತಲೆಯ ಮೇಲೆ ಬಂತು.

ಹಣ ಸಂಗ್ರಹಕ್ಕೆ ನೋಂದಾಯಿತ ಸಂಘದ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆಯಿರಿ. ಪ್ರತಿ ದೇಣಿಗೆಗೂ ರಸೀದಿ ಕೊಡಿ. ಅಧ್ಯಕ್ಷರ ವೈಯಕ್ತಿಕ ಖಾತೆಯ ಸಂಖ್ಯೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಪದ್ಧತಿ ಬೇಡವೇ ಬೇಡ.

ನಮ್ಮ ಜಿಲ್ಲೆಯವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ಪ್ರತಿ ಎರಡನೆಯ ಮನೆಯವರು ಗಲ್ಫ್‌ನಲ್ಲಿದ್ದಾರೆ ಎನ್ನುವಂತಹ ಊರು ನಮ್ಮದು, ದೊಡ್ಡ ಮೊತ್ತ ಬರುವುದೂ ಅಲ್ಲಿಂದಲೇ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ಭಾರತೀಯ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣವನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಆದರೆ ವಿದೇಶಿ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವವರು, ಅಲ್ಲಿನ ಕಂಪನಿ ಅಥವಾ ಸಂಘ ಕೊಟ್ಟ ಹಣಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಆ ನೋಂದಣಿ ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ನಿಗದಿತ ಖಾತೆ ಇಲ್ಲದ ಸಂಘ ಒಂದು ರೂಪಾಯಿಯನ್ನೂ ಮುಟ್ಟಬಾರದು. ಗೊತ್ತಿಲ್ಲದೆ ಪಡೆದೆವು ಎಂಬ ಸಮಜಾಯಿಷಿ ಮುಂದೆ ಉಪಯೋಗಕ್ಕೆ ಬಾರದು.

ಹಂತ 3: ಪಟ್ಟಿಯನ್ನು ಒಬ್ಬ ವೈದ್ಯರು, ಒಬ್ಬ ಫಾರ್ಮಸಿಸ್ಟ್ ಕುಳಿತು ಓದಲಿ

ಪಡೆಯುವವರ ಪಟ್ಟಿ ಬಂದ ಮೇಲೆ ಅದರಲ್ಲಿ ನಾವು ಕೊಡಬಹುದಾದದ್ದು ಯಾವುದು, ಕೊಡಬಾರದ್ದು ಯಾವುದು ಎಂದು ಗುರುತು ಹಾಕಬೇಕು.

ಗಡಿ ದಾಟಿ ಬಂದವರ ಕಾಯಿಲೆಗಳಿಗೆ ಒಂದು ಕಾಲಕ್ರಮವಿದೆ. ಮೊದಲ ವಾರ ಗಾಯ, ಮೂಳೆಮುರಿತ. ಆ ಹೊತ್ತಿಗೆ ನಮ್ಮ ಪೆಟ್ಟಿಗೆ ಅಲ್ಲಿಗೆ ತಲುಪುವುದೇ ಇಲ್ಲ, ಆದ್ದರಿಂದ ಬ್ಯಾಂಡೇಜ್‌ನ ಹಿಂದೆ ಬೀಳಬೇಡಿ. ಆಮೇಲೆ ಬರುವುದು ಜನದಟ್ಟಣೆಯ ಕಾಯಿಲೆಗಳು: ಭೇದಿ, ನ್ಯುಮೋನಿಯಾ, ದಡಾರ, ತುರಿಕಜ್ಜಿ. ಇವುಗಳ ಹಿಂದೆಯೇ ಸದ್ದಿಲ್ಲದೆ ಇನ್ನೊಂದು ಸಾಲು ನಿಂತಿರುತ್ತದೆ. ಮನೆ ಬಿಡುವಾಗ ಮಾತ್ರೆಯ ಡಬ್ಬಿ ಬಿಟ್ಟು ಬಂದ ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಕ್ಷಯದವರು, ಅಪಸ್ಮಾರದವರು. ನಮ್ಮ ಎಂಡೋಸಲ್ಫಾನ್ ಕೀಟನಾಶಕ ಪೀಡಿತ ಪ್ರದೇಶದ ತಾಯಂದಿರನ್ನು ಕೇಳಿ ನೋಡಿ. ಅಪಸ್ಮಾರದ ಮಗುವಿಗೆ ಎರಡು ದಿನ ಮಾತ್ರೆ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವರು ಹೇಳುತ್ತಾರೆ. ಗಡಿಯಾಚೆಯ ಡೇರೆಯಲ್ಲೂ ಅಂತಹ ತಾಯಿ ಇದ್ದಾಳೆ. ದೀರ್ಘಕಾಲದ ಕಾಯಿಲೆಯ ಔಷಧಿಗಳು ಪಟ್ಟಿಯಲ್ಲಿ ಇಲ್ಲದಿದ್ದರೆ, ಬೇಕೇ ಎಂದು ನೀವೇ ಕೇಳಿ. ಗಡಿಬಿಡಿಯಲ್ಲಿ ಪಟ್ಟಿ ಬರೆಯುವವರು ಮರೆಯುವುದು ಇವನ್ನೇ.

ಇಲ್ಲೇ ಒಂದು ಅಪಾಯವೂ ಇದೆ. ಅಪಸ್ಮಾರಕ್ಕೆ ನಾವು ದಿನನಿತ್ಯ ಕೊಡುವ ಫಿನೋಬಾರ್ಬಿಟೋನ್, ಸೆಳೆತ ನಿಲ್ಲಿಸುವ ಡಯಾಜೆಪಾಮ್, ನೋವಿಗೆ ಕೊಡುವ ಟ್ರಮಡಾಲ್, ಮಾರ್ಫಿನ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಇವೆಲ್ಲ ನಿಯಂತ್ರಿತ ವಸ್ತುಗಳು. ಇವುಗಳ ರಫ್ತಿಗೆ ಕೇಂದ್ರದ ಮಾದಕವಸ್ತು ಆಯುಕ್ತರ ಪ್ರತ್ಯೇಕ ಅನುಮತಿಯೂ ಪಡೆಯುವ ದೇಶದ ಅನುಮತಿಯೂ ಬೇಕು. 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ದಾನ, ವ್ಯಾಪಾರ ಎಂದು ಭೇದ ಮಾಡುವುದಿಲ್ಲ. ಇಂತಹ ಮಾತ್ರೆಯ ಒಂದೇ ಒಂದು ಸ್ಟ್ರಿಪ್ ಸಿಕ್ಕಿದರೂ ಇಡೀ ರವಾನೆ ನಿಲ್ಲುತ್ತದೆ, ಸಹಿ ಹಾಕಿದವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಸಂಘಗಳು ಇವನ್ನು ಕಳುಹಿಸುವ ಗೋಜಿಗೇ ಹೋಗಬಾರದು.

ಲಸಿಕೆಯನ್ನೂ ಇನ್ಸುಲಿನ್ ಅನ್ನೂ ಇಲ್ಲಿಂದ ಕಳುಹಿಸಬೇಡಿ. ಅವು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ದಾರಿಯಲ್ಲಿ ಒಂದು ಮಧ್ಯಾಹ್ನ ಲಾರಿ ಬಿಸಿಲಲ್ಲಿ ನಿಂತರೆ ಕೆಲಸ ಕೆಟ್ಟಿತು. ಹೊರಗಿನಿಂದ ನೋಡಿದರೆ ಅದು ಗೊತ್ತೂ ಆಗುವುದಿಲ್ಲ. ಶಿಬಿರದಲ್ಲಿ ಆರು ತಿಂಗಳಿನಿಂದ 15 ವರ್ಷದವರೆಗಿನ ಮಕ್ಕಳಿಗೆಲ್ಲ ದಡಾರದ ಲಸಿಕೆ ಹಾಕಿಸುವುದು ತುರ್ತು ಕೆಲಸ, ನಿಜ. ಆದರೆ ಅದು ಆ ದೇಶದ ಸರ್ಕಾರ ಮತ್ತು ಯುನಿಸೆಫ್ ಮಾಡುವ ಕೆಲಸ.

ಹಾಲಿನ ಪುಡಿ ಬೇಡ. ಶುದ್ಧ ನೀರಿಲ್ಲದ ಕಡೆ ಬಾಟಲಿ ಹಾಲು ಕುಡಿದ ಕೂಸಿಗೆ ಭೇದಿ ಹಿಡಿಯುತ್ತದೆ, ಅಷ್ಟರಲ್ಲಿ ತಾಯಿಯ ಎದೆಹಾಲೂ ಬತ್ತಿರುತ್ತದೆ.

ಹಾಗಾದರೆ ನಮ್ಮಿಂದ ಚೆನ್ನಾಗಿ ಆಗುವುದು ಯಾವುದು? ಪುನರ್ಜಲೀಕರಣದ ಪುಡಿ, ಅಂದರೆ ಒಆರ್‌ಎಸ್. ಅದರ ಜೊತೆ ಸತುವಿನ (ಜಿಂಕ್) ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಕೂಸಿಗೆ 10 ಮಿಲಿಗ್ರಾಂ, 10ರಿಂದ 14 ದಿನ. ಒಂದು ಮಗುವಿನ ಒಂದು ಸಲದ ಭೇದಿಗೆ ಒಂದು ಲೀಟರ್ ಅಳತೆಯ ಎರಡು ಒಆರ್‌ಎಸ್ ಪೊಟ್ಟಣ, ಹತ್ತು ಸತುವಿನ ಮಾತ್ರೆ ಎಂದು ಲೆಕ್ಕ ಹಿಡಿಯಿರಿ.

ಒಆರ್‌ಎಸ್ ಕೊಳ್ಳುವಾಗ ಆಗುವ ತಪ್ಪು ಪ್ರಾಣಕ್ಕೆ ಕುತ್ತು ತರುವಂಥದ್ದು. ನಮ್ಮ ಅಂಗಡಿಗಳಲ್ಲಿ ಒಂದು ಲೀಟರ್ ನೀರಿಗೆ ಹಾಕುವ ಸುಮಾರು 21 ಗ್ರಾಂನ ಪೊಟ್ಟಣವೂ ಇದೆ, 200 ಮಿಲಿಲೀಟರ್‌ಗೆ ಹಾಕುವ ನಾಲ್ಕು ಗ್ರಾಂ ಚಿಲ್ಲರೆಯ ಪೊಟ್ಟಣವೂ ಇದೆ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ, ಅಕ್ಷರ ಓದಲಾಗದ ತಾಯಿ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುತ್ತಾಳೆ. ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ. ಒಂದೇ ಅಳತೆಯದ್ದನ್ನು ಕೊಳ್ಳಿ, ಯಾವ ಅಳತೆ ಎಂದು ಪಡೆಯುವವರನ್ನು ಕೇಳಿ. ಹಣ್ಣಿನ ರಸದಂತೆ ಕಾಗದದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಒಆರ್‌ಎಸ್ ಅಲ್ಲ.

ಮಕ್ಕಳ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಕೇಳಿದ್ದರೆ ಸಿರಪ್ ಪುಡಿಯ ಬದಲು ನೀರಿನಲ್ಲಿ ಕರಗುವ 250 ಮಿಲಿಗ್ರಾಂ ಮಾತ್ರೆ ಆಗಬಹುದೇ ಎಂದು ಕೇಳಿ. ಸಿರಪ್ ಕಲಸಲು ಕುದಿಸಿ ಆರಿಸಿದ ನೀರು ಬೇಕು, ಬಾಟಲಿ ಒಡೆಯುತ್ತದೆ, ತೂಕ ಹೆಚ್ಚು.

ಹಂತ 4: ಕೊಳ್ಳುವುದು

ಪರವಾನಗಿ ಇರುವ ಸಗಟು ವ್ಯಾಪಾರಿಯಿಂದಲೇ ಕೊಳ್ಳಿ. ಬಿಲ್ಲಿನಲ್ಲಿ ಔಷಧಿಯ ಮೂಲ ಹೆಸರು (ಕಂಪನಿಯ ಬ್ರ್ಯಾಂಡ್ ಹೆಸರಲ್ಲ), ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಅವಧಿಯ ಲೆಕ್ಕ ಹಾಕುವಾಗ ಇಲ್ಲಿಂದ ಹೊರಡುವ ದಿನವನ್ನಲ್ಲ, ಅಲ್ಲಿ ತಲುಪುವ ದಿನವನ್ನು ಹಿಡಿಯಬೇಕು. ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಉಳಿದಿರಬೇಕು ಎನ್ನುವುದು ಮಾರ್ಗಸೂಚಿಯ ಮಾತು. ದಾರಿಗೆ ಮೂರು ತಿಂಗಳು ಸೇರಿಸಿ, 15 ತಿಂಗಳಿಗಿಂತ ಕಡಿಮೆ ಇರುವುದನ್ನು ಮುಟ್ಟಬೇಡಿ. ‘ದಾನಕ್ಕೆ ತಾನೇ, ಅರ್ಧ ಬೆಲೆಗೆ ಕೊಡುತ್ತೇನೆ’ ಎಂದು ವ್ಯಾಪಾರಿ ಹೇಳಿದರೆ ಮೊದಲು ದಿನಾಂಕ ನೋಡಿ.

ಸಾಧ್ಯವಾದಷ್ಟು ಒಂದು ಔಷಧಿಗೆ ಒಂದೇ ಬ್ಯಾಚ್ ಇರಲಿ. ತಯಾರಕರ ಪರೀಕ್ಷಾ ಪ್ರಮಾಣಪತ್ರವನ್ನು ಆಗಲೇ ಕೇಳಿ ತೆಗೆದುಕೊಳ್ಳಿ, ಆಮೇಲೆ ಕೇಳಿದರೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ಹಂತ 5: ಕಟ್ಟುವುದು, ಅದೂ ನಮ್ಮ ಮಳೆಯಲ್ಲಿ

ಹೆಚ್ಚಿನ ಸಂಘಗಳು ಮುಗ್ಗರಿಸುವುದು ಈ ಹಂತದಲ್ಲಿ. ಸಂಗ್ರಹಕ್ಕೆ ಜಾಗವಿಲ್ಲವೆಂದು ಯಾರದೋ ಅಡಿಕೆ ಕೊಟ್ಟಿಗೆಯಲ್ಲಿ ಪೆಟ್ಟಿಗೆ ಜೋಡಿಸುತ್ತಾರೆ. ಆಟಿ ತಿಂಗಳ ಮಳೆ, ನೆಲದಿಂದ ಏಳುವ ತೇವ, ಅಡಿಕೆಯ ಒಗರು ವಾಸನೆ. ಹದಿನೈದು ದಿನದ ನಂತರ ಕೆಳಗಿನ ಸಾಲಿನ ರಟ್ಟು ನೆನೆದ ಹಪ್ಪಳದಂತೆ ಮೆತ್ತಗಾಗಿರುತ್ತದೆ. ಎತ್ತಿದರೆ ತಳ ಕಳಚಿಕೊಳ್ಳುತ್ತದೆ. ಒಂದು ಸಲ ಹಾಗೆ ಬಿದ್ದ ಪೆಟ್ಟಿಗೆಯಿಂದ ಒಆರ್‌ಎಸ್ ಪೊಟ್ಟಣ ಕೈಗೆತ್ತಿಕೊಂಡು ಅಲುಗಿಸಿದೆ. ಪುಡಿ ಸರಸರ ಎನ್ನಬೇಕಿತ್ತು. ಒಳಗಿದ್ದದ್ದು ಸಣ್ಣ ಕಲ್ಲಿನಂತಹ ಗಟ್ಟಿ. ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಪಸ್ಮಾರದ ವಾಲ್ಪ್ರೊಯೇಟ್ ಮಾತ್ರೆ ಸ್ವಭಾವತಃ ತೇವ ಹೀರುವಂಥದ್ದು, ಸ್ಟ್ರಿಪ್‌ನ ಹಾಳೆ ಚುಚ್ಚಿಹೋದ ಕಡೆಯಲ್ಲೆಲ್ಲ ಬೆರಳಿಗೆ ಜಿಗುಟು ಹತ್ತಿತು. ಜನ ದುಡ್ಡು ಕೊಟ್ಟು ಕೊಂಡ ಹೊಸ ಔಷಧಿ ಅದು. ಊರು ಬಿಟ್ಟು ಹೊರಡುವ ಮೊದಲೇ ಹಾಳಾಯಿತು.

ಆದ್ದರಿಂದ ಮೊದಲು ಜಾಗ, ಆಮೇಲೆ ಸರಕು. ಸಿಮೆಂಟ್ ನೆಲ, ಸೋರದ ಮಾಡು, ಗಾಳಿಯಾಡುವ ಕಿಟಕಿ, ನೆಲದಿಂದ ಒಂದು ಗೇಣು ಎತ್ತರಕ್ಕೆ ಮರದ ಹಲಗೆ, ಗೋಡೆಯಿಂದ ಒಂದು ಕೈ ದೂರ. ಗೊಬ್ಬರ, ಕೀಟನಾಶಕ, ಸೀಮೆಎಣ್ಣೆ ಇಟ್ಟ ಕೋಣೆ ಬೇಡ. ದಪ್ಪ ರಟ್ಟಿನ ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ತೇವ ಹೀರುವ ಸಿಲಿಕಾ ಚೀಲ, ಆಮೇಲೆ ಔಷಧಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದಾಗಲಿ, ತಯಾರಕರ ಡಬ್ಬಿಯಿಂದಾಗಲಿ ಬಿಡಿಸಬೇಡಿ. ಒಂದು ಪೆಟ್ಟಿಗೆ 50 ಕಿಲೋ ಮೀರಬಾರದು ಎಂದು ಮಾರ್ಗಸೂಚಿ ಹೇಳುತ್ತದೆ. ನಾನು 20 ಕಿಲೋ ಎನ್ನುತ್ತೇನೆ, ಏಕೆಂದರೆ ಕೊನೆಯ ಒಂದು ಮೈಲಿ ಅದನ್ನು ಹೊರುವುದು ಮನುಷ್ಯನ ಹೆಗಲು.

ಔಷಧಿಯ ಪೆಟ್ಟಿಗೆಯಲ್ಲಿ ಔಷಧಿ ಮಾತ್ರ ಇರಬೇಕು. ಸಂದು ತುಂಬಲು ಬಿಸ್ಕತ್ತು, ಮಕ್ಕಳ ಅಂಗಿ ತುರುಕಬೇಡಿ. ಔಷಧಿಗೆ ಹಸಿರು ಚೀಟಿ ಅಂಟಿಸಿ. ನೆರವಿನ ಸಾಮಗ್ರಿಗಳಲ್ಲಿ ಆಹಾರಕ್ಕೆ ಕೆಂಪು, ಬಟ್ಟೆ ಮತ್ತು ಮನೆ ಸಾಮಾನಿಗೆ ನೀಲಿ, ವೈದ್ಯಕೀಯ ವಸ್ತುವಿಗೆ ಹಸಿರು ಎಂಬ ಗುರುತು ಹಲವು ಕಡೆ ಬಳಕೆಯಲ್ಲಿದೆ. ‘12ರಲ್ಲಿ 3’ ಎಂಬಂತೆ ಪ್ರತಿ ಪೆಟ್ಟಿಗೆಗೂ ಸಂಖ್ಯೆ, ಒಳಗೊಂದು ಹೊರಗೊಂದು ಪಟ್ಟಿ.

ಚೀಟಿಯ ಭಾಷೆಯ ವಿಷಯವನ್ನು ಕಾಸರಗೋಡಿನ ಕನ್ನಡಿಗರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ. ಓದಲು ಬಾರದ ಭಾಷೆಯಲ್ಲಿ ಅಚ್ಚಾದ ಅರ್ಜಿಯನ್ನು ಹಿಡಿದು ಕಚೇರಿಯ ಕಿಟಕಿಯ ಮುಂದೆ ನಿಂತು, ಪಕ್ಕದವರ ಮುಖ ನೋಡಿದ ಅನುಭವ ನಮ್ಮಲ್ಲಿ ಎಷ್ಟೋ ಜನರಿಗಿದೆ. ಔಷಧಿಯ ಮೇಲೆ ಅದೇ ಆದರೆ ಕೆಲಸ ಕೆಡುವುದಷ್ಟೇ ಅಲ್ಲ, ಜೀವವೇ ಹೋಗಬಹುದು. ಆಚೆಯ ಆಸ್ಪತ್ರೆಯವರು ಓದುವ ಭಾಷೆಯಲ್ಲಿ ಮೂಲ ಹೆಸರು, ಪ್ರಮಾಣ, ದಿನಾಂಕ ಇರಲಿ. ಕನ್ನಡದ ಅಥವಾ ಮಲಯಾಳದ ಬ್ಯಾನರನ್ನು ಪೆಟ್ಟಿಗೆಯ ನಾಲ್ಕೂ ಬದಿಗೆ ಅಂಟಿಸಿ ಆ ಬರಹವನ್ನು ಮುಚ್ಚಬೇಡಿ. ರೋಗಿಗಳಿಗಾಗಿ ಸೂರ್ಯ, ಚಂದ್ರ, ಲೋಟದ ಚಿತ್ರವಿರುವ ಸಣ್ಣ ಚೀಟಿಗಳನ್ನು ಪ್ರತ್ಯೇಕವಾಗಿ ಕಳುಹಿಸಿದರೆ ಅಲ್ಲಿನ ದಾದಿಯರಿಗೆ ಅನುಕೂಲವಾಗುತ್ತದೆ.

ಹಂತ 6: ಕಾಗದಪತ್ರ ಮುಂದೆ, ಲಾರಿ ಹಿಂದೆ

ಗಡಿ ಎಂದರೆ ಏನೆಂದು ನಾವು 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ವೇಳೆ ಕಲಿತೆವು. ದಿನಾ ಹಾಲು ತರಲು ಹೋದಷ್ಟೇ ಸಲೀಸಾಗಿ ಮಂಗಳೂರಿನ ಆಸ್ಪತ್ರೆಗೆ ಹೋಗುತ್ತಿದ್ದವರ ಎದುರು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಒಳದಾರಿಗಳ ಮೇಲೆ ಮಣ್ಣಿನ ರಾಶಿ ಬಿತ್ತು, ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಹಿಂದಿರುಗಿದವು. ವಿಷಯ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಟ್ಟಾಗಲೂ ವೈದ್ಯರ ಪ್ರಮಾಣಪತ್ರ ತೋರಿಸಬೇಕಾಗಿತ್ತು. ಒಂದೇ ದೇಶದ ಎರಡು ರಾಜ್ಯಗಳ ನಡುವೆಯೇ ಹೀಗೆ. ಎರಡು ದೇಶಗಳ ನಡುವೆ ‘ಒಳ್ಳೆಯ ಕೆಲಸಕ್ಕೆ ಯಾರು ತಡೆಯುತ್ತಾರೆ’ ಎಂಬ ಭರವಸೆಯ ಮೇಲೆ ಲಾರಿ ಹೊರಡಿಸಬಾರದು.

ಸಂಘ ತಾನೇ ರಫ್ತುದಾರನಾಗಲು ಹೋಗಬೇಡಿ. ಆಮದು-ರಫ್ತು ಸಂಕೇತ ಸಂಖ್ಯೆ ಮತ್ತು ಸಗಟು ಔಷಧ ಪರವಾನಗಿ ಎರಡೂ ಇರುವ ವ್ಯಾಪಾರಿಯ ಮೂಲಕ, ಅಥವಾ ಭಾರತೀಯ ರೆಡ್ ಕ್ರಾಸ್ ಸೊಸೈಟಿಯಂತಹ ಸಂಸ್ಥೆಯ ಮೂಲಕ ಕಳುಹಿಸಿ. ದೊಡ್ಡ ದುರಂತಗಳಲ್ಲಿ ಕೇಂದ್ರ ಸರ್ಕಾರವೇ ನೆರವು ರವಾನಿಸುತ್ತದೆ. 2015ರ ನೇಪಾಳ ಭೂಕಂಪಕ್ಕೆ ಆಪರೇಷನ್ ಮೈತ್ರಿ, 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪಕ್ಕೆ ಆಪರೇಷನ್ ಬ್ರಹ್ಮ ಹೀಗೆ ನಡೆದವು. ಅಂತಹ ವೇಳೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗಕ್ಕೆ ಮೊದಲು ಪತ್ರ ಬರೆದು, ಸಾರ್ವಜನಿಕರ ನೆರವು ಸ್ವೀಕರಿಸುತ್ತಾರೆಯೇ ಎಂದು ವಿಚಾರಿಸಿ.

ಕಡತದಲ್ಲಿ ಇರಬೇಕಾದದ್ದು: ಇನ್‌ವಾಯ್ಸ್, ಪೆಟ್ಟಿಗೆವಾರು ಪಟ್ಟಿ, ಪರೀಕ್ಷಾ ಪ್ರಮಾಣಪತ್ರಗಳು, ದಾನಪತ್ರ, ಪಡೆಯುವವರ ಒಪ್ಪಿಗೆ ಪತ್ರ, ಆ ದೇಶದ ಆಮದು ಅನುಮತಿಯ ಪ್ರತಿ, ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್. ಉಚಿತ ನೆರವು ಎಂದು ಬೆಲೆಯ ಜಾಗದಲ್ಲಿ ಸೊನ್ನೆ ಬರೆಯುವುದು ಪದೇ ಪದೇ ಆಗುವ ತಪ್ಪು. ಸಗಟು ಬೆಲೆಯನ್ನೇ ಬರೆದು, ‘ಮಾರಾಟಕ್ಕಲ್ಲ, ಮಾನವೀಯ ನೆರವು’ ಎಂದು ಸೇರಿಸಬೇಕು. ತಲಪಾಡಿ ದಾಟಿ ಪಣಂಬೂರಿನ ನವಮಂಗಳೂರು ಬಂದರಿಗೋ ಬೆಂಗಳೂರಿನ ವಿಮಾನ ನಿಲ್ದಾಣಕ್ಕೋ ಒಯ್ಯುವುದಾದರೆ, 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಪಡೆಯುವ ಜಿಎಸ್‌ಟಿ ಚೀಟಿ) ಸಹ ಬೇಕು.

ಎಲ್ಲ ಕಾಗದವನ್ನೂ ಸ್ಕ್ಯಾನ್ ಮಾಡಿ ಮೊದಲು ಪಡೆಯುವವರಿಗೆ ಕಳುಹಿಸಿ. ‘ಸರಿ ಇದೆ, ಹೊರಡಿಸಿ’ ಎಂಬ ಉತ್ತರ ಬಂದ ಮೇಲೆ ಲಾರಿಗೆ ಏರಿಸಿ. ಕಸ್ಟಮ್ಸ್ ಗೋದಾಮಿನಲ್ಲಿ ಬಿದ್ದ ಪೆಟ್ಟಿಗೆಗೆ ದಿನದಿನಕ್ಕೂ ಬಾಡಿಗೆ ಏರುತ್ತದೆ. ಅದನ್ನು ಕಟ್ಟಬೇಕಾಗುವುದು ಸಾಮಾನ್ಯವಾಗಿ ಆ ಬಡ ಆಸ್ಪತ್ರೆಯೇ.

ಹಂತ 7: ನೀವೇ ಹೋಗುವುದಾದರೆ

ಹೆಚ್ಚಿನವರು ಹೋಗಬಾರದು. ತನ್ನ ಊಟ, ನೀರು, ಮಲಗುವ ಜಾಗವನ್ನು ತಾನೇ ನೋಡಿಕೊಳ್ಳಲಾಗದ ಸ್ವಯಂಸೇವಕ ಶಿಬಿರಕ್ಕೆ ಇನ್ನೊಂದು ಹೊಟ್ಟೆಯಾಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ವೈದ್ಯಕೀಯ ತಂಡಗಳ ಮಾನದಂಡದಲ್ಲಿ, ದಿನಕ್ಕೆ 100 ಹೊರರೋಗಿಗಳನ್ನು ನೋಡುವ ಮೊದಲ ದರ್ಜೆಯ ತಂಡವೂ ಎರಡು ವಾರ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ವೈದ್ಯರು, ದಾದಿಯರು ಹೋಗುವುದಾದರೆ ಆಶ್ರಯ ಕೊಟ್ಟ ದೇಶದ ತಾತ್ಕಾಲಿಕ ವೃತ್ತಿ ಅನುಮತಿ ಮೊದಲು ಬೇಕು. ಇಲ್ಲಿನ ವೈದ್ಯಕೀಯ ಮಂಡಳಿಯ ನೋಂದಣಿ ಅಲ್ಲಿ ನಡೆಯುವುದಿಲ್ಲ. ಗಡಿ ದಾಟಿದವರು ನಮ್ಮ ದೇಶದೊಳಗೇ ಇದ್ದರೂ ನಿಯಮಗಳಿವೆ. 2021ರಿಂದ ಮ್ಯಾನ್ಮಾರ್‌ನ ಸಾವಿರಾರು ಜನ ಆಶ್ರಯ ಪಡೆದಿರುವ ಮಿಜೋರಾಂಗೆ ಹೋಗಲು ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶ ಅನುಮತಿ ಬೇಕು. ನೇಪಾಳಕ್ಕೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಕೈಯಲ್ಲಿರಲಿ.

ಅಲ್ಲಿ ತಲುಪಿದ ಮೇಲೆ ಎರಡು ವಿಷಯ ಮರೆಯಬೇಡಿ. ಬಂದವರು ತಮ್ಮ ಹೆಸರು ಹೇಳಲು ಹೆದರುತ್ತಾರೆ. ವೈದ್ಯರ ಪುಸ್ತಕ ಪೊಲೀಸರ ಕೈ ಸೇರಿ ವಾಪಸು ಅಟ್ಟಿಬಿಡುತ್ತಾರೆ ಎಂಬ ಭಯ ಅವರದ್ದು. ಚಿಕಿತ್ಸೆಗೆ ಬೇಕಾದಷ್ಟೇ ಕೇಳಿ, ಮುಖದ ಫೋಟೋ ತೆಗೆಯಬೇಡಿ, ಊರಿನ ಗುಂಪಿಗೆ ಹಾಕಲಿಕ್ಕಂತೂ ಬೇಡವೇ ಬೇಡ. ಎರಡನೆಯದು, ರೋಗಿಯನ್ನು ದೂರದ ಆಸ್ಪತ್ರೆಗೆ ಸಾಗಿಸುವಾಗ ಮನೆಯವರಲ್ಲಿ ಒಬ್ಬರನ್ನಾದರೂ ಜೊತೆಗೆ ಕಳುಹಿಸಿ. ಸಾಧ್ಯವಾಗದಿದ್ದರೆ ಯಾವ ಆಸ್ಪತ್ರೆ, ಯಾವ ವಾಹನ, ಯಾವ ದಿನ ಎಂದು ಒಂದು ಚೀಟಿ ಬರೆದು ಉಳಿದವರ ಕೈಗೆ ಕೊಡಿ, ಇನ್ನೊಂದನ್ನು ರೋಗಿಯ ಅಂಗಿಗೆ ಪಿನ್ ಮಾಡಿ. ಮಾತು ಬಾರದ ಮಗುವೊಂದು ಒಂಟಿಯಾಗಿ ಆಂಬುಲೆನ್ಸ್ ಹತ್ತಿದರೆ ಅದನ್ನು ತಾಯಿಗೆ ಮತ್ತೆ ಸೇರಿಸುವುದು ಬಹಳ ಕಷ್ಟ.

ನಿಲ್ಲಿಸಬೇಕಾದ ಸೂಚನೆಗಳು

ಪಡೆಯುವವರು ಪಟ್ಟಿ ಕೊಡದೆ ‘ಏನಾದರೂ ಕಳುಹಿಸಿ’ ಎಂದರೆ ನಿಲ್ಲಿಸಿ. ಮಧ್ಯವರ್ತಿಯೊಬ್ಬ ನಗದು ಕೇಳಿ, ಕಸ್ಟಮ್ಸ್‌ನಲ್ಲಿ ತನ್ನವರಿದ್ದಾರೆ ಎಂದರೆ ನಿಲ್ಲಿಸಿ. ಒಂದೇ ಔಷಧಿಯನ್ನು ಇನ್ನೂ ಮೂರು ಸಂಘಗಳು ಕಳುಹಿಸುತ್ತಿವೆ ಎಂದು ತಿಳಿದರೆ ಅವರೊಂದಿಗೆ ಮಾತಾಡುವವರೆಗೆ ಕೊಳ್ಳಬೇಡಿ. ಶಿಬಿರ ಸ್ಥಳಾಂತರವಾಗುತ್ತಿದೆ ಎಂಬ ಸುದ್ದಿ ಬಂದರೆ ಹೊಸ ವಿಳಾಸ ಖಚಿತವಾಗುವವರೆಗೆ ಪೆಟ್ಟಿಗೆ ನಿಮ್ಮ ಒಣ ಕೋಣೆಯಲ್ಲೇ ಇರಲಿ.

ಹಂತ 8: ತಲುಪಿದ ಮೇಲೆ

ಪೆಟ್ಟಿಗೆವಾರು ಸಹಿ ಇರುವ ಸ್ವೀಕೃತಿ ತರಿಸಿಕೊಳ್ಳಿ. ಹನ್ನೆರಡು ಕಳುಹಿಸಿ ಹನ್ನೊಂದಕ್ಕೆ ಸಹಿ ಬಂದರೆ ಆ ವಾರವೇ ವಿಚಾರಿಸಿ, ತಡವಾದಷ್ಟೂ ಜಾಡು ಅಳಿಸುತ್ತದೆ. ಒಂದು ತಿಂಗಳ ನಂತರ ಅಲ್ಲಿನ ಫಾರ್ಮಸಿಸ್ಟ್‌ಗೆ ಬರೆದು ಯಾವುದು ಮುಗಿಯಿತು, ಯಾವುದು ಮುಟ್ಟದೆ ಉಳಿಯಿತು, ಯಾವುದು ಹಾಳಾಗಿ ಬಂತು ಎಂದು ಕೇಳಿ. ಉತ್ತರ ಕಟುವಾಗಿದ್ದರೂ ಅದನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ನಿರ್ಣಯ ಪುಸ್ತಕದಲ್ಲಿ ಅಂಟಿಸಿ.

ಜಗಲಿಯಲ್ಲಿ ಈಗಾಗಲೇ ಬಿದ್ದಿರುವ ಹಳೆಯ ಪೆಟ್ಟಿಗೆಗಳನ್ನು ಬಾವಿಯ ಹತ್ತಿರ ಹೂಳಬೇಡಿ, ಹೊಳೆಗೆ ಎಸೆಯಬೇಡಿ, ತೋಟದ ಮೂಲೆಯಲ್ಲಿ ಸುಡಬೇಡಿ. ಹತ್ತಿರದ ಔಷಧಿ ಅಂಗಡಿಯವರನ್ನು ಕರೆದು ವಿಂಗಡಿಸಿ, ಆಸ್ಪತ್ರೆ ತ್ಯಾಜ್ಯ ಒಯ್ಯುವ ವ್ಯವಸ್ಥೆಗೆ ಒಪ್ಪಿಸಿ. ಪೆಟ್ಟಿಗೆ ಇದ್ದ ಜಾಗದಲ್ಲಿ ರಸೀದಿ ಪುಸ್ತಕ ಹಿಡಿದು ಒಬ್ಬರು ಕುಳಿತುಕೊಳ್ಳಲಿ.